ವಾಟ್ಸಾಪ್ ಗುಂಪು 1024ಕ್ಕೆ ತುಂಬಿತು. ಗಂಟುಮೂಟೆ ಕಟ್ಟಿಕೊಂಡು ಯಾವ ಆ್ಯಪ್‌ಗೆ ಹೊರಡೋಣ?

ತಾರಸಿ ಶೈಲಾ · ಭಾನುವಾರ, ಬೆಳಿಗ್ಗೆ 9:10

ನಮಸ್ಕಾರ. ಸ್ವಲ್ಪ ಉದ್ದ ಇದೆ, ಕಾಫಿ ಹಿಡಿದುಕೊಂಡೇ ಓದಿ.

ನಮ್ಮದು ಮೈಸೂರಿನಲ್ಲಿ ತಾರಸಿ ತೋಟ ಮಾಡುವವರ ವಾಟ್ಸಾಪ್ ಗುಂಪು. 2020ರ ಲಾಕ್‌ಡೌನ್‌ನಲ್ಲಿ ಹನ್ನೊಂದು ಜನ ಸೇರಿ ಶುರು ಮಾಡಿದ್ದು. ಬೀಜ ಹಂಚಿಕೊಳ್ಳುತ್ತೇವೆ, ಎಲೆಗೆ ಹುಳ ಬಿದ್ದರೆ ಫೋಟೊ ಹಾಕಿ ಕೇಳುತ್ತೇವೆ, ಎರಡು ತಿಂಗಳಿಗೊಮ್ಮೆ ಕುಕ್ಕರಹಳ್ಳಿ ಕೆರೆಯ ಗೇಟಿನ ಹತ್ತಿರ ಸೇರಿ ಪೊಟ್ಟಣ ಬದಲಾಯಿಸಿಕೊಳ್ಳುತ್ತೇವೆ. ಹೋದ ವಾರ ಗುಂಪು 1024 ಮುಟ್ಟಿತು. ಅದರ ಮೇಲೆ ಒಬ್ಬರನ್ನೂ ಸೇರಿಸಲು ಆಗುವುದಿಲ್ಲ. ಹೊರಗೆ ಎಂಬತ್ತು ಜನ ಕಾಯುತ್ತಿದ್ದಾರೆ. ಒಬ್ಬರು ಇಳಿದರೆ ಇನ್ನೊಬ್ಬರು ಹತ್ತಬೇಕು, ದಸರಾ ಹೊತ್ತಿನ ಸಿಟಿ ಬಸ್ಸಿನ ಹಾಗೆ.

ತುಂಬಿದ್ದೊಂದೇ ಕಷ್ಟ ಅಲ್ಲ. ಹೊಸಬರಿಗೆ ಹಳೆಯ ಮಾತುಕತೆ ಪೂರ್ತಿ ಕಾಣುವುದಿಲ್ಲ. ಹಾಗಾಗಿ "ಈರನಗೆರೆ ಬದನೆ ಬೀಜ ಯಾರ ಹತ್ತಿರ ಇದೆ?" ಅನ್ನುವ ಪ್ರಶ್ನೆ ವಾರಕ್ಕೆ ಮೂರು ಸಲ ಬರುತ್ತದೆ. ಎಲ್ಲರ ನಂಬರೂ ಎಲ್ಲರಿಗೂ ಕಾಣುತ್ತದೆ. ಇಬ್ಬರು ಹೆಣ್ಣುಮಕ್ಕಳಿಗೆ ರಾತ್ರಿ ಹನ್ನೊಂದರ ಮೇಲೆ "ಹಾಯ್, ಊಟ ಆಯ್ತಾ" ಅಂತ ಬಂದಿದೆ. ಇನ್ನು ಶುಭೋದಯದ ಗುಲಾಬಿಗಳ ವಿಷಯ ಬಿಡಿ. ತೋಟದವರ ಗುಂಪಿನಲ್ಲಿ ಪ್ಲಾಸ್ಟಿಕ್ ಗುಲಾಬಿಯ ಫೋಟೊ ಹಾಕುತ್ತಾರೆ!

ಅದಕ್ಕೆ ಒಂದು ತಿಂಗಳು ನಾನೇ ಒಂದು ಪರೀಕ್ಷೆ ಮಾಡಿದೆ. ನನ್ನ ಬದನೆ ಗಿಡದ ಒಂದೇ ಫೋಟೊ, ಒಂದೇ ಪ್ರಶ್ನೆ: "ಹೂ ಬಿಡುತ್ತದೆ, ಕಾಯಿ ಕಚ್ಚುತ್ತಿಲ್ಲ. ಯಾಕೆ?" ನಾಲ್ಕು ಹೊಸ ಆ್ಯಪ್‌ಗಳಲ್ಲಿ ಹಾಕಿದೆ. ಯಾವುದು ಅಂತ ಹೇಳುವುದಿಲ್ಲ, ನೀವೆಲ್ಲ ಪಕ್ಷ ಕಟ್ಟಿಕೊಂಡು ಜಗಳಕ್ಕೆ ನಿಲ್ಲುತ್ತೀರಿ. ಒಂದರಲ್ಲಿ ಮೂರು ಲೈಕ್, ಉತ್ತರ ಸೊನ್ನೆ. ಇನ್ನೊಂದರಲ್ಲಿ ಜರ್ಮನಿಯಲ್ಲಿರುವ ಕನ್ನಡಿಗರೊಬ್ಬರು "ನನಗೆ ತೋಟದ ಬಗ್ಗೆ ಏನೂ ಗೊತ್ತಿಲ್ಲ, ಆದರೆ ಈ ಬದನೆ ನೋಡಿ ವಾಂಗಿಬಾತ್ ನೆನಪಾಯಿತು" ಅಂತ ಬರೆದರು. ಮೂರನೆಯದರಲ್ಲಿ ಹತ್ತು ನಿಮಿಷಕ್ಕೆ ಮೂವರು ಬಂದು ಮನೆಯಲ್ಲೇ ಕೂತು ದುಡ್ಡು ಮಾಡುವ ದಾರಿ ತೋರಿಸಿದರು. ನಾಲ್ಕನೆಯದು ಖಾತೆ ತೆರೆಯುವುದಕ್ಕೇ ಬಿಡಲಿಲ್ಲ, ಮುಖ ಆ ಕಡೆ ತಿರುಗಿಸಿ, ಈ ಕಡೆ ತಿರುಗಿಸಿ ಅಂತ ಆಟ ಆಡಿಸಿತು.

ಅದೇ ರಾತ್ರಿ ಹಳೆಯ ಗುಂಪಿನಲ್ಲಿ ಕೇಳಿದೆ. ಹದಿನಾಲ್ಕು ಉತ್ತರ. ಅದರಲ್ಲಿ ಸರಸ್ವತಿಪುರಂ ಅಜ್ಜಿಯದು ಒಂದು ವಾಯ್ಸ್ ನೋಟು. ವಯಸ್ಸು 74, ಟೈಪ್ ಮಾಡುವುದಿಲ್ಲ. "ನಿಮ್ಮದು ಮೂರನೇ ಮಹಡಿ ಅಲ್ವಾ, ಅಲ್ಲಿಗೆ ದುಂಬಿ ಬರೋದು ಕಮ್ಮಿ. ಬೆಳಿಗ್ಗೆ ಹೂ ಅರಳಿದಾಗ ತೊಟ್ಟಿನ ಹತ್ತಿರ ಬೆರಳಲ್ಲಿ ಮೆಲ್ಲಗೆ ತಟ್ಟಮ್ಮ." ತಟ್ಟಿದೆ. ಕಾಯಿ ಕಚ್ಚಿತು.

ಈಗ ಹೇಳಿ. ಹೋಗೋದಾ? ಹೋದರೆ ಎಲ್ಲಿಗೆ? ಈ ಅಜ್ಜಿಯನ್ನು ಬಿಟ್ಟು ಹೋಗುವ ಹಾಗಿಲ್ಲ.

ಮಂಡ್ಯ ಮಂಜ · 9:22

ಟೆಲಿಗ್ರಾಂ. ಮುಗೀತು. ಗುಂಪಿಗೆ 2 ಲಕ್ಷ ಜನ ಹಿಡಿಯುತ್ತಾರೆ, ಇಡೀ ಕುವೆಂಪುನಗರವನ್ನೇ ಸೇರಿಸಿಕೊಳ್ಳಿ. ಹಳೆಯದೆಲ್ಲ ಹೊಸಬರಿಗೂ ಕಾಣುತ್ತದೆ, ನಂಬರ್ ಮುಚ್ಚಿಡಬಹುದು.

ಗಂಗೋತ್ರಿ ಗಿರಾಕಿ · 9:31

ಮಂಜಣ್ಣ, ಪೂರ್ತಿ ಹೇಳಿ. ಟೆಲಿಗ್ರಾಂ ಗುಂಪಿನ ಮಾತು ಎಂಡ್ ಟು ಎಂಡ್ ಬೀಗ (ಮಾತಾಡುವವರು ಬಿಟ್ಟು ಕಂಪನಿಗೂ ಓದಲಾಗದ ಬೀಗ) ಹಾಕಿದ್ದಲ್ಲ. ಬರೆಯುವ ಮಾತಿನಲ್ಲಿ ಆ ಬೀಗ ಇರುವುದು ಇಬ್ಬರ ನಡುವಿನ ಸೀಕ್ರೆಟ್ ಚಾಟ್‌ಗೆ ಮಾತ್ರ. ಮಿಕ್ಕಿದ್ದೆಲ್ಲ ಅವರ ಸರ್ವರ್‌ನಲ್ಲಿ ಕೂತಿರುತ್ತದೆ. ವಾಟ್ಸಾಪ್‌ನಲ್ಲಿ ಗುಂಪಿಗೂ ಬೀಗ ಇದೆ, 2016ರಿಂದ. ಹೊಸ ಆ್ಯಪ್ ಅಂದರೆ ಜಾಸ್ತಿ ಭದ್ರ ಅಂತ ಜನ ಅಂದುಕೊಳ್ಳುತ್ತಾರೆ. ಇಲ್ಲಿ ಉಲ್ಟಾ.

ಮಂಡ್ಯ ಮಂಜ · 9:33

ಬದನೆಕಾಯಿಗೆ ಯಾವ ಗುಟ್ಟು ಗುರುವೇ?

ನಂಜುಮಳಿಗೆ ನಳಿನಿ · 9:40

ಗುಟ್ಟು ಬದನೆಕಾಯಿಯದಲ್ಲ ಮಂಜಣ್ಣ. ಬೀಜ ತೆಗೆದುಕೊಂಡು ಹೋಗಿ ಅಂತ ನಾವು ಮನೆ ವಿಳಾಸ, ಕ್ರಾಸ್, ಗೇಟಿನ ಬಣ್ಣ ಎಲ್ಲ ಬರೆಯುತ್ತೇವೆ. "ಮಧ್ಯಾಹ್ನ ಮೂರಕ್ಕೆ ಬನ್ನಿ, ನಾನೊಬ್ಬಳೇ ಇರುತ್ತೇನೆ" ಅಂತ ಬರೆದವರೂ ಇದ್ದಾರೆ. ಎರಡು ಲಕ್ಷ ಜನರ ಮುಂದೆ ಅದನ್ನು ಬರೆಯುತ್ತೀರಾ?

ಮಂಡ್ಯ ಮಂಜ · 9:41

ಅದು ಸರಿ ಅಕ್ಕ. ವಾಪಸ್ ತಗೊಂಡೆ.

ಇಲವಾಲ ಇಂಜಿನಿಯರ್ · 9:58

ಸಿಗ್ನಲ್ ನೋಡಿ. 2021ರ ಜನವರಿಯಲ್ಲಿ ವಾಟ್ಸಾಪ್ ಹೊಸ ಷರತ್ತು ತಂದಾಗ ಎಲ್ಲರೂ ಓಡಿದ್ದು ಅಲ್ಲಿಗೇ. 2024ರಿಂದ ನಂಬರ್ ತೋರಿಸದೆ ಬರೀ ಹೆಸರಿನಲ್ಲೇ ಇರಬಹುದು. ಜಾಹೀರಾತಿಲ್ಲ, ಗುಲಾಬಿ ಹಾಕುವವರೂ ಕಡಿಮೆ.

ಗಂಗೋತ್ರಿ ಗಿರಾಕಿ · 10:02

ಸಿಗ್ನಲ್ ಗುಂಪಿನ ಮಿತಿ 1000. ಶೈಲಾ ಮೇಡಂ 24 ಜನರನ್ನು ಮನೆಗೆ ಕಳಿಸಬೇಕಾಗುತ್ತದೆ 😂

ತಾರಸಿ ಶೈಲಾ · 10:05

ಗುಲಾಬಿ ಹಾಕುವವರು ಸರಿಯಾಗಿ ಇಪ್ಪತ್ನಾಲ್ಕೇ ಜನ ಇದ್ದಾರೆ.

ಸೈಬರ್ ಸೋಮಣ್ಣ · 10:30

ನೀವೆಲ್ಲ ಹೊಸ ಆ್ಯಪ್ ಅಂದಾಗ ನನಗೆ ಗೂಗಲ್‌ನವರ ಹಳೆಯ ಆರ್ಕುಟ್ ನೆನಪಾಗುತ್ತದೆ, ಫೇಸ್‌ಬುಕ್ ಥರದ್ದು. ಮಂಡ್ಯದಲ್ಲಿ ಬಸ್ ಸ್ಟ್ಯಾಂಡಿನಿಂದ ನಾಲ್ಕು ಹೆಜ್ಜೆ ದೂರದಲ್ಲಿ ನನ್ನ ಸೈಬರ್ ಸೆಂಟರ್ ಇತ್ತು. ಆರು ಕಂಪ್ಯೂಟರ್, ಗಂಟೆಗೆ ಇಪ್ಪತ್ತು ರೂಪಾಯಿ. ಸಂಜೆ ಕಾಲೇಜು ಬಿಟ್ಟ ಮೇಲೆ ಹುಡುಗರು ಸಾಲು ನಿಲ್ಲುತ್ತಿದ್ದರು. ಯಾಕೆ? ಆರ್ಕುಟ್‌ನಲ್ಲಿ ಸ್ಕ್ರ್ಯಾಪ್, ಅಂದರೆ ಸಂದೇಶ, ಬಂದಿದೆಯಾ ನೋಡುವುದಕ್ಕೆ. ಒಬ್ಬ ಹುಡುಗ ತನಗೆ ತಾನೇ ಟೆಸ್ಟಿಮೋನಿಯಲ್ ಬರೆದುಕೊಳ್ಳಲು ನನ್ನ ಹತ್ತಿರವೇ ಇನ್ನೊಂದು ಖಾತೆ ಮಾಡಿಸಿದ್ದ. "ಅಣ್ಣ, ಒಳ್ಳೆ ಇಂಗ್ಲಿಷ್‌ನಲ್ಲಿ ನಾಲ್ಕು ಸಾಲು ಹೊಡೀರಿ" ಅಂತ. ಅದಕ್ಕೆ ಬೇರೆ ಐದು ರೂಪಾಯಿ.

2014ರ ಸೆಪ್ಟೆಂಬರ್ 30ಕ್ಕೆ ಆರ್ಕುಟ್ ಬಾಗಿಲು ಹಾಕಿತು. ಫೋಟೊ ಇಳಿಸಿಕೊಳ್ಳಿ ಅಂತ ಮೊದಲೇ ಹೇಳಿದ್ದರು, ಸಮಯವನ್ನೂ ಕೊಟ್ಟಿದ್ದರು. ನಾನು ಇಳಿಸಿಕೊಳ್ಳಲಿಲ್ಲ. ನನ್ನ ಅಂಗಡಿ ಉದ್ಘಾಟನೆಯ ಫೋಟೊ ಇದ್ದದ್ದು ಅಲ್ಲಿ ಮಾತ್ರ. ನಮ್ಮಪ್ಪ ಟೇಪು ಕತ್ತರಿಸುತ್ತಿದ್ದ ಫೋಟೊ.

ಮೇಡಂ, ನೀವು ಎಲ್ಲಿಗಾದರೂ ಹೋಗಿ. ಹೋಗುವ ಮೊದಲು ಗುಂಪಿನಲ್ಲಿ ಎಕ್ಸ್‌ಪೋರ್ಟ್ ಚಾಟ್ ಒತ್ತಿ ಒಂದು ಪ್ರತಿ ತೆಗೆದಿಟ್ಟುಕೊಳ್ಳಿ.

ತಾರಸಿ ಶೈಲಾ · 10:36

ಇವತ್ತೇ ಮಾಡುತ್ತೇನೆ ಅಣ್ಣ. ಅಜ್ಜಿಯ ವಾಯ್ಸ್ ನೋಟುಗಳನ್ನು ಬೇರೆಯಾಗಿಯೇ ಇಳಿಸಿಕೊಳ್ಳುತ್ತೇನೆ.

ಹಳದಿ ಹಕ್ಕಿ · 11:15

ಆರ್ಕುಟ್ ದೂರದವರದ್ದು, ಹೋಯಿತು. ನಮ್ಮವರದ್ದೇ ಆದ, ಟ್ವಿಟರ್ ಥರದ ಕೂ ಆ್ಯಪ್ ಏನಾಯಿತು? ಬೆಂಗಳೂರಿನ ಕಂಪನಿ, 2020ರಲ್ಲಿ ಮೊದಲು ಶುರುವಾದ ಭಾಷೆಯೇ ಕನ್ನಡ. ನಾನು ದಿನಾ ಬೆಳಿಗ್ಗೆ ಒಂದು ವಚನ, ಒಂದು ಗಾದೆ ಹಾಕುತ್ತಿದ್ದೆ. ಮೂರು ವರ್ಷ ತಪ್ಪಿಸಲಿಲ್ಲ. ಅಲ್ಲಿ ಕನ್ನಡದಲ್ಲಿ ಬರೆದರೆ "ಇಂಗ್ಲಿಷ್‌ನಲ್ಲಿ ಹೇಳಿ" ಅನ್ನುವವರೇ ಇರಲಿಲ್ಲ. ಆ ನೆಮ್ಮದಿ ಬೇರೆ ಎಲ್ಲೂ ಸಿಗಲಿಲ್ಲ. 2023ರಲ್ಲಿ ಮುಚ್ಚಿದರು.

ಗಂಗೋತ್ರಿ ಗಿರಾಕಿ · 11:19

2024ರ ಜುಲೈ. ಬೇರೆ ಕಂಪನಿಗಳ ಜೊತೆ ಮಾತುಕತೆ ನಡೆದು ಕುದುರಲಿಲ್ಲ, ದುಡ್ಡು ಮುಗಿದಿತ್ತು.

ಹಳದಿ ಹಕ್ಕಿ · 11:21

ಸರಿ, 24. ವರ್ಷ ತಪ್ಪಿದ್ದಕ್ಕೆ ದುಃಖ ಕಡಿಮೆ ಆಗಲಿಲ್ಲ.

ಪಾಂಡವಪುರ ಪ್ಯಾಸೆಂಜರ್ · 11:34

ಕೂ ಬಗ್ಗೆ ಒಂದು ತಮಾಷೆ. 2022ರ ನವೆಂಬರ್‌ನಲ್ಲಿ ಬ್ರೆಜಿಲ್ ಜನ ರಾಶಿ ರಾಶಿ ಬಂದು ಸೇರಿದ್ದರು. ಪೋರ್ಚುಗೀಸ್‌ನಲ್ಲಿ ಆ ಹೆಸರಿಗೆ ಮರ್ಯಾದಸ್ಥರು ಹೇಳಬಾರದ ಅರ್ಥ ಇದೆಯಂತೆ. ನಗಲು ಬಂದವರು ನಕ್ಕು ಹೋದರು.

ನನ್ನ ಪ್ರಕಾರ ಕೂ ಸೋತಿದ್ದು ಭಾಷೆಯಿಂದ ಅಲ್ಲ. ಅಲ್ಲಿ ಎಲ್ಲರೂ ಭಾಷಣ ಮಾಡುತ್ತಿದ್ದರು, ಮಾತಾಡುವವರು ಇರಲಿಲ್ಲ. ಸುಭಾಷಿತಕ್ಕೆ ಕೈ ಮುಗಿಯಬಹುದು, ಜಗಳ ಆಡಲು ಆಗುತ್ತದಾ? ಹಕ್ಕಿ ಅಣ್ಣನಿಗೆ ಬೇಜಾರಾದರೆ ಕ್ಷಮಿಸಿ.

ಹಳದಿ ಹಕ್ಕಿ · 11:40

ಬೇಜಾರಾಯಿತು. ಆದರೆ ನೀವು ಹೇಳಿದ್ದು ಅರ್ಧ ನಿಜ.

ಕೆರಗೋಡು ಕೆಂಪೇಗೌಡ್ರ ಮೊಮ್ಮಗ · ಮಧ್ಯಾಹ್ನ 12:10

ಅರಟ್ಟೈ ಯಾರೂ ಹೇಳಲೇ ಇಲ್ಲವಲ್ಲ? 2025ರ ಸೆಪ್ಟೆಂಬರ್ ಕೊನೆಯಲ್ಲಿ ನಮ್ಮ ಊರಿನ ಹಾಲಿನ ಸೊಸೈಟಿ ಕಾರ್ಯದರ್ಶಿ ಕೂಡ ಹಾಕಿಸಿಕೊಂಡಿದ್ದರು. ಜೋಹೋ ಕಂಪನಿಯದು, ಪಕ್ಕದ ತಮಿಳುನಾಡು.

ಇಲವಾಲ ಇಂಜಿನಿಯರ್ · 12:18

ಅದು ಹೊಸದಲ್ಲ, 2021ರಿಂದ ಇತ್ತು. ಸದ್ದು ಮಾಡಿದ್ದು ಮಾತ್ರ ನೀವು ಹೇಳಿದ ಆ ಸೆಪ್ಟೆಂಬರ್‌ನಲ್ಲಿ. ಜನ ನುಗ್ಗಿದ ಹೊತ್ತಿಗೆ ಕರೆಗಳಿಗೆ ಬೀಗ ಇತ್ತು, ಸಂದೇಶಗಳಿಗೆ ಇರಲಿಲ್ಲ. ಅದರ ಮೇಲೆ ದೊಡ್ಡ ಚರ್ಚೆಯೇ ಆಯಿತು.

ಹಳದಿ ಹಕ್ಕಿ · 12:25

ಹೆಸರೇ ನಾಲಿಗೆಗೆ ಹತ್ತುವುದಿಲ್ಲ. ಕನ್ನಡದವರು ಅದನ್ನು ಹೇಗೆ ಕರೆಯಬೇಕು?

ಒಂಟಿಕೊಪ್ಪಲ್ ಮೇಷ್ಟ್ರು · 12:41

ನಮ್ಮ ಹರಟೆಯೇ ಅದು! ತಮಿಳಿನ ಅರಟ್ಟೈ, ಕನ್ನಡದ ಹರಟೆ ಎರಡೂ ನೆಂಟರು. ಅಷ್ಟು ದೂರ ಮಾಡಬೇಡಿ.

ಕೆರಗೋಡು ಕೆಂಪೇಗೌಡ್ರ ಮೊಮ್ಮಗ · 12:44

ಮೇಷ್ಟ್ರೇ, ನೆಂಟಸ್ತಿಕೆ ಯಾಕೆ, ನಮ್ಮ ಕಡೆ ಹಾಲು ಆಲು, ಹಸು ಅಸ. ನಮ್ಮಜ್ಜಿ "ಅರಟೆ ಒಡೆಯೋದು ಬುಟ್ಟು ಕೆಲ್ಸ ನೋಡ್ಲಾ" ಅಂತಲೇ ಬೈಯುತ್ತಿತ್ತು. ಆ ಆ್ಯಪ್‌ಗೆ ಹೆಸರಿಟ್ಟಿದ್ದು ಮಂಡ್ಯದವರೇ.

ಮಂಡ್ಯ ಮಂಜ · 12:45

🔥🔥 ಇದನ್ನು ಫ್ರೇಮ್ ಹಾಕಿಸಿ

ಒಂಟಿಕೊಪ್ಪಲ್ ಮೇಷ್ಟ್ರು · 12:58

ಹೊಸ ಮಾಧ್ಯಮ ಅಂದಿರಲ್ಲ, ನಮ್ಮ ಬೀದಿಯ ಕಥೆ ಹೇಳಿಬಿಡುತ್ತೇನೆ. 1935ರಲ್ಲಿ ಮಹಾರಾಜಾ ಕಾಲೇಜಿನ ಮನಃಶಾಸ್ತ್ರದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿ ಅವರು ಒಂಟಿಕೊಪ್ಪಲಿನ ತಮ್ಮ ಮನೆಯಲ್ಲೇ ಒಂದು ಸಣ್ಣ ಟ್ರಾನ್ಸ್‌ಮಿಟರ್ ಇಟ್ಟುಕೊಂಡು ರೇಡಿಯೊ ಕೇಂದ್ರ ಶುರು ಮಾಡಿದರು. ಅದರ ಹೆಸರು ಆಕಾಶವಾಣಿ. ಮುಂದೆ ಇಡೀ ದೇಶದ ರೇಡಿಯೊ ಅದೇ ಹೆಸರು ಹೊತ್ತಿತು. ಮನೆಯಲ್ಲಿ ಕೂತು, ಕೈಯಿಂದ ದುಡ್ಡು ಹಾಕಿ! ಆಗ ಎಷ್ಟು ಮನೆಗಳಲ್ಲಿ ರೇಡಿಯೊ ಇದ್ದಿರಬಹುದು, ಯೋಚಿಸಿ. "ಅಲ್ಲಿ ಜನ ಇಲ್ಲ" ಅಂತ ಅವರು ಸುಮ್ಮನೆ ಕೂತಿದ್ದರೆ? ಶೈಲಮ್ಮ ನಾಲ್ಕು ಫೋಟೊ ಹಾಕಿ ಒಂದು ತಿಂಗಳಿಗೇ ಕೈ ಚೆಲ್ಲಿದ್ದು ನನಗೆ ಸರಿ ಕಾಣಲಿಲ್ಲ.

ನಂಜುಮಳಿಗೆ ನಳಿನಿ · 1:04

ಮೇಷ್ಟ್ರೇ, ಗೋಪಾಲಸ್ವಾಮಿಯವರಿಗೆ ಓಟಿಪಿ ಕೇಳುವವರು ಇರಲಿಲ್ಲ.

ತಾರಸಿ ಶೈಲಾ · 1:10

ಸರ್, ಕೈ ಚೆಲ್ಲಿಲ್ಲ. ಕೈಯಲ್ಲಿ ಗೊಬ್ಬರ ಇದೆ, ಫೋನು ಮುಟ್ಟಲು ಆಗುತ್ತಿಲ್ಲ ಅಷ್ಟೇ. ಊಟ ಮಾಡಿ ಬರುತ್ತೇನೆ.

ಬೆಲ್ಲದಚ್ಚು · 2:35

ಮಾಸ್ಟೊಡಾನ್ ಬಳಸುವವರು ಇದ್ದೀರಾ? ಟ್ವಿಟರ್ ಥರದ್ದೇ, ಆದರೆ ಒಂದೇ ಕಂಪನಿಯ ಬದಲು ಬೇರೆ ಬೇರೆಯವರು ತಮ್ಮ ತಮ್ಮ ಸರ್ವರ್ ನಡೆಸುತ್ತಾರೆ. ನಾನು 2022ರ ಕೊನೆಯಲ್ಲಿ, ಟ್ವಿಟರ್ ಕೈ ಬದಲಾದಾಗ ಹೋದವನು. ಆಗ ಮೊದಲ ಪರದೆಯಲ್ಲೇ "ಸರ್ವರ್ ಆರಿಸಿ" ಅಂತ ಕೇಳುತ್ತಿತ್ತು. ಅಲ್ಲೇ ಅರ್ಧ ಜನ ವಾಪಸ್ಸು. ನನ್ನ ತಂಗಿಗೆ ಹೀಗೆ ಅರ್ಥ ಮಾಡಿಸಿದೆ: ನಮ್ಮೂರ ಹಾಲಿನ ಡೈರಿ ನೋಡಿಲ್ವಾ? ನೀನು ನಿಮ್ಮೂರ ಡೈರಿಗೆ ಹಾಕು, ನಾನು ನಮ್ಮೂರ ಡೈರಿಗೆ ಹಾಕುತ್ತೇನೆ. ಕೊನೆಗೆ ಎಲ್ಲ ಹಾಲೂ ಮಂಡ್ಯದ ಹಾಲು ಒಕ್ಕೂಟ ಮನ್‌ಮುಲ್‌ಗೆ ಹೋಗಿ ಸೇರುತ್ತದೆ. ಹಾಗೆ ಯಾವ ಸರ್ವರ್‌ನಲ್ಲಿದ್ದರೂ ಮಾತು ಎಲ್ಲರಿಗೂ ಮುಟ್ಟುತ್ತದೆ.

ಗಂಗೋತ್ರಿ ಗಿರಾಕಿ · 2:44

ಉದಾಹರಣೆ ಚೆನ್ನಾಗಿದೆ, ಆದರೆ ತಪ್ಪು. ಮಾಸ್ಟೊಡಾನ್‌ನಲ್ಲಿ ನಡುವೆ ಒಕ್ಕೂಟವೇ ಇಲ್ಲ. ಡೈರಿಯಿಂದ ಡೈರಿಗೆ ನೇರವಾಗಿ ಹಾಲು ಹೋಗುತ್ತದೆ. ನಿಮ್ಮೂರ ಡೈರಿಯವರು "ಆ ಊರಿನವರ ಹಾಲು ನಮಗೆ ಬೇಡ" ಅಂತ ಬಾಗಿಲು ಹಾಕಬಹುದು. ಅದಕ್ಕಿಂತ ದೊಡ್ಡದು, ಸರ್ವರ್ ನಡೆಸುವವನು ಬೇಜಾರಾಗಿ ನಿಲ್ಲಿಸುತ್ತೇನೆ ಅಂದರೆ, ಅದು ನಿಲ್ಲುವ ಮೊದಲು ನೀವು ಬೇರೆ ಕಡೆ ಹೋಗಬಹುದು, ಹಿಂಬಾಲಿಸುವವರನ್ನೂ ಕರೆದುಕೊಂಡು ಹೋಗಬಹುದು. ಬರೆದಿದ್ದನ್ನು ಮಾತ್ರ ಹೊತ್ತುಕೊಂಡು ಹೋಗಲಾಗುವುದಿಲ್ಲ.

ಬೆಲ್ಲದಚ್ಚು · 2:47

ಒಪ್ಪಿದೆ. ಒಕ್ಕೂಟ ಇಲ್ಲದ ಡೈರಿ. ಹಾಗಾದರೆ ಹಾಲಿನ ಬಿಲ್ಲು ಕೊಡುವವರು ಯಾರು ಅನ್ನುವುದೇ ಅಲ್ಲಿ ಸಮಸ್ಯೆ. ಸರ್ವರ್ ಖರ್ಚನ್ನು ಯಾರೋ ಒಬ್ಬರು ಜೇಬಿನಿಂದ ಹಾಕುತ್ತಿರುತ್ತಾರೆ, ಇಲ್ಲ ಚಂದಾ ಎತ್ತುತ್ತಾರೆ.

ಪಾಂಡವಪುರ ಪ್ಯಾಸೆಂಜರ್ · 2:55

ಮಾಸ್ಟೊಡಾನ್ ಅಂದರೆ ಯಾವತ್ತೋ ಅಳಿದುಹೋದ ಆನೆಯಂಥ ಪ್ರಾಣಿ. ವರ್ಷಾ ವರ್ಷಾ ನಿಜವಾದ ಆನೆ ಮೇಲೆ ಅಂಬಾರಿ ಹೊರಿಸುವ ಊರಿನವರಿಗೆ ಅಳಿದ ಆನೆ ಯಾಕೆ ಸ್ವಾಮಿ?

ಅಕ್ಷರ ಲೆಕ್ಕಿಗ · 3:30

ಬ್ಲೂಸ್ಕೈ ಪರವಾಗಿ ನಾಲ್ಕು ಮಾತು. ಅದೂ ಟ್ವಿಟರ್ ಥರದ್ದೇ. 2024ರ ಫೆಬ್ರುವರಿ ತನಕ ಅಲ್ಲಿಗೆ ಹೋಗಲು ಆಹ್ವಾನ ಬೇಕಿತ್ತು, ಈಗ ಬೇಡ. ನನಗೆ ಇಷ್ಟ ಆಗಿದ್ದು ಒಂದು ಸಣ್ಣ ವಿಷಯ. ಟ್ವಿಟರ್‌ನಲ್ಲಿ (ಈಗಿನ ಎಕ್ಸ್) ಗುಣಿತ, ಒತ್ತಕ್ಷರ ಎಲ್ಲವನ್ನೂ ಬಿಡಿಸಿ ಎಣಿಸುತ್ತಾರೆ. "ಲಕ್ಷ್ಮಿ" ಅಂತ ಬರೆಯಿರಿ. ನಮ್ಮ ಕಣ್ಣಿಗೆ ಎರಡೇ ಅಕ್ಷರ. ಅಲ್ಲಿ ಏಳು! ಲ, ಕ, ವಿರಾಮ, ಷ, ವಿರಾಮ, ಮ, ಗುಡಿಸು. "ಈರನಗೆರೆ" ಐದಕ್ಷರ, ಲೆಕ್ಕಕ್ಕೆ ಅದೂ ಏಳು. ಕನ್ನಡದಲ್ಲಿ ಬರೆದರೆ ಬೇಗ ಜಾಗ ಮುಗಿಯುವುದು ಇದಕ್ಕೇ. ಬ್ಲೂಸ್ಕೈನಲ್ಲಿ ಗುಣಿತಾಕ್ಷರ ಒಂದೇ ಅಂತ ಲೆಕ್ಕ. ಮಿತಿ 300 ಅಂದರೂ ಕನ್ನಡದಲ್ಲಿ ಆರಾಮಾಗಿ ಒಂದು ಪ್ಯಾರಾ ಹಿಡಿಯುತ್ತದೆ.

ಬರೆಯುವಾಗ ಭಾಷೆ ಕನ್ನಡ ಅಂತ ಗುರುತು ಹಾಕಬಹುದು. ಆಗ ಬರೀ ಕನ್ನಡದ ಮಾತುಗಳನ್ನು ಸೋಸಿ ತೋರಿಸುವ ಪಟ್ಟಿಯನ್ನು ಯಾರು ಬೇಕಾದರೂ ಕಟ್ಟಬಹುದು.

ಮಂಡ್ಯ ಮಂಜ · 3:34

ಪಟ್ಟಿ ಕಟ್ಟಬಹುದು. ಅದರಲ್ಲಿ ಬರೆಯುವವರು?

ಅಕ್ಷರ ಲೆಕ್ಕಿಗ · 3:36

ನಾನಿದ್ದೇನೆ.

ಮಂಡ್ಯ ಮಂಜ · 3:36

ಎರಡನೆಯವರು?

ಅಕ್ಷರ ಲೆಕ್ಕಿಗ · 3:50

ಶೈಲಾ ಮೇಡಂ ಹೇಳಿದ ಜರ್ಮನಿಯವರು ಇರಬಹುದು.

ಇನ್‌ಸ್ಟಾ ಇಂಚರ · 4:20

ಅಂಕಲ್‌ಗಳೇ ಆಂಟಿಗಳೇ, ನನ್ನ ವಯಸ್ಸಿನವರು ಇದ್ಯಾವುದರಲ್ಲೂ ಇಲ್ಲ. ನಮಗೆ ಇನ್‌ಸ್ಟಾಗ್ರಾಂ ಸಾಕು. ಇನ್‌ಸ್ಟಾದವರದ್ದೇ ಬರಹದ ಆ್ಯಪ್ ಥ್ರೆಡ್ಸ್ ಬಂದಾಗ (2023ರ ಜುಲೈ) ಐದೇ ದಿನಕ್ಕೆ 10 ಕೋಟಿ ಜನ ಸೇರಿದರು, ನಾನೂ ಸೇರಿದೆ, ಯಾಕೆಂದರೆ ಬಟನ್ ಅಲ್ಲೇ ಇತ್ತು. ಆಮೇಲೆ ಅದನ್ನು ಅಳಿಸಲು ಹೋದರೆ ಇನ್‌ಸ್ಟಾಗ್ರಾಂ ಖಾತೆಯೂ ಹೋಗುತ್ತದೆ ಅಂತ ಗೊತ್ತಾಗಿ ಎಲ್ಲರೂ ಸುಮ್ಮನಾದರು. ಆ ವರ್ಷದ ಕೊನೆಗೆ ಅದನ್ನು ಸರಿ ಮಾಡಿದರು, ಬಿಡಿ.

ನಮ್ಮಮ್ಮ ಶೈಲಾ ಆಂಟಿ ಗುಂಪಿನಲ್ಲೇ ಇದ್ದಾರೆ. ಗುಲಾಬಿ ಹಾಕುವವರಲ್ಲಿ ಅವರೂ ಒಬ್ಬರು. ಸಾರಿ ಆಂಟಿ.

ತಾರಸಿ ಶೈಲಾ · 4:31

ಯಾರು ಅಂತ ಗೊತ್ತಾಯಿತು ಪುಟ್ಟಿ. ನಿಮ್ಮಮ್ಮನ ಕರಿಬೇವಿಗೋಸ್ಕರ ಎಲ್ಲ ಮಾಫಿ.

ನಂಜುಮಳಿಗೆ ನಳಿನಿ · 5:05

ಫೇಸ್‌ಬುಕ್ ಗುಂಪು ಮಾಡಿ ಅಂತ ಯಾರಾದರೂ ಹೇಳುವ ಮೊದಲು ನಾನೇ ಹೇಳುತ್ತೇನೆ. ಹುಡುಕಲು ಸುಲಭ, ಜನರ ಮಿತಿ ಇಲ್ಲ. ಆದರೆ ಅಲ್ಲಿನ ಕನ್ನಡ ಅನುವಾದ ನಂಬಿ ಗೊಬ್ಬರ ಹಾಕಬೇಡಿ. 2025ರ ಜುಲೈನಲ್ಲಿ ಬಿ. ಸರೋಜಾದೇವಿ ಅವರ ಅಂತಿಮ ದರ್ಶನ ಪಡೆದ ಮುಖ್ಯಮಂತ್ರಿಗಳ ಸುದ್ದಿಯನ್ನೇ ಅದು ಇಂಗ್ಲಿಷ್‌ಗೆ ಉಲ್ಟಾ ಮಾಡಿತ್ತು. ತೀರಿಕೊಂಡದ್ದು ಯಾರು ಅನ್ನುವುದೇ ಅದಲುಬದಲು! ನಮ್ಮ ಮೈಸೂರಿನವರೇ ಆದ ಸಿದ್ದರಾಮಯ್ಯನವರು ದೂರು ಕೊಟ್ಟ ಮೇಲೆ ಫೇಸ್‌ಬುಕ್‌ನ ಒಡೆಯ ಕಂಪನಿ ಮೆಟಾ ಕ್ಷಮೆ ಕೇಳಿತು. "ಗಿಡದ ಬುಡಕ್ಕೆ ಹಾಕಿ" ಅನ್ನುವುದನ್ನು ಅದು ಏನು ಮಾಡುತ್ತದೋ.

ಸೈಬರ್ ಸೋಮಣ್ಣ · 5:40

ಶೈಲಾ ಮೇಡಂ ಬರೆದ ಮೂರನೇ ಆ್ಯಪ್ ಬಗ್ಗೆ ಯಾರೂ ಮಾತಾಡಲಿಲ್ಲ. ಮನೆಯಲ್ಲೇ ಕೂತು ದುಡ್ಡು ಅನ್ನುವವರು. ನಮ್ಮ ಅಕ್ಕನ ಮಗ ಒಂದು ಆ್ಯಪ್‌ನಲ್ಲಿ ಹೀಗೇ ಸಿಕ್ಕಿಹಾಕಿಕೊಂಡ. ಹೋಟೆಲ್‌ಗಳಿಗೆ ಸ್ಟಾರ್ ಕೊಡುವ ಕೆಲಸ, ಮೊದಲ ದಿನ 150 ರೂಪಾಯಿ ನಿಜವಾಗಿ ಬಂತು. ಎರಡನೇ ದಿನ 300. ಮೂರನೇ ದಿನ "ನೀವು 5000 ಹಾಕಿ, 7000 ಬರುತ್ತದೆ." ಒಟ್ಟು 18 ಸಾವಿರ ಹೋಯಿತು. ಮನೆಯಲ್ಲಿ ಹೇಳಲು ಹೆದರಿ ಎರಡು ದಿನ ಸುಮ್ಮನಿದ್ದ, ಅದೇ ತಪ್ಪು. ಹೀಗಾದರೆ ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಬೇಕು, ಮೊದಲ ಕೆಲವು ಗಂಟೆಯೊಳಗೆ ಮಾಡಿದರೆ ದುಡ್ಡು ತಡೆಹಿಡಿಯಲು ಆಗುವುದುಂಟು.

ಹೊಸ ಆ್ಯಪ್‌ಗೆ ನಮಗಿಂತ ಮೊದಲು ಹೋಗುವವರು ಇವರೇ. ಅಜ್ಜಿಯಂಥವರನ್ನು ಅಲ್ಲಿಗೆ ಕರೆದುಕೊಂಡು ಹೋದರೆ ಪಕ್ಕದಲ್ಲಿ ಕೂತುಕೊಳ್ಳುವವರು ಯಾರು?

ಆಲೆಮನೆ ಆನಂದ · ಸಂಜೆ 6:30

ಈಗ ಬಿಡುವಾಯಿತು, ಎಲ್ಲ ಓದಿದೆ. ನಮ್ಮದು ಶ್ರೀರಂಗಪಟ್ಟಣದ ಹತ್ತಿರ ಕಬ್ಬು ಬೆಳೆಯುವವರ ಗುಂಪು. ಇದೇ ಕಷ್ಟ ನಮಗೂ ಬಂದಿತ್ತು. ಕೆಆರ್‌ಎಸ್ 124.80 ಅಡಿ ಮುಟ್ಟಿದ ದಿನ ಅದೇ ಒಂದು ಫೋಟೊ ಅರವತ್ತು ಸಲ ಬಂತು. ನಾಲೆಗೆ ನೀರು ಯಾವಾಗ ಬಿಡುತ್ತಾರೆ ಅನ್ನುವ ಮುಖ್ಯ ಮಾತು ಅದರ ಕೆಳಗೆ ಮುಳುಗಿಹೋಯಿತು.

ನಾವು ಎಲ್ಲೂ ಹೋಗಲಿಲ್ಲ. ವಾಟ್ಸಾಪ್‌ನಲ್ಲೇ ಕಮ್ಯುನಿಟಿ ಅಂತ ಇದೆ. ಒಂದು ಮನೆ, ಒಳಗೆ ಹಲವು ಕೋಣೆ ಇದ್ದ ಹಾಗೆ. ಪ್ರಕಟಣೆ ಒಂದು ಕಡೆ, ಅಲ್ಲಿ ನಾವು ಮೂವರು ಅಡ್ಮಿನ್ ಮಾತ್ರ ಬರೆಯುತ್ತೇವೆ. ಗೊಬ್ಬರ, ರೋಗದ ವಿಷಯ ಒಂದು ಗುಂಪು. ಬೆಲ್ಲದ ರೇಟು ಒಂದು ಗುಂಪು. ಗುಲಾಬಿ, ಜೋಕು, ರಾಜಕೀಯಕ್ಕೆ "ಅರಳಿಕಟ್ಟೆ" ಅಂತ ಒಂದು. ಒಂದೇ ಗುಂಪಿನಲ್ಲಿ ಇಲ್ಲದವರಿಗೆ ನಮ್ಮ ನಂಬರ್ ಕಾಣುವುದಿಲ್ಲ, ಅಡ್ಮಿನ್‌ಗಳಿಗೆ ಮಾತ್ರ ಕಾಣುತ್ತದೆ. ನಮ್ಮಪ್ಪ ಈಗಲೂ ಅದೇ ಹಸಿರು ಗುರುತು ಒತ್ತುತ್ತಾರೆ. ಏನು ಬದಲಾಯಿತು ಅಂತಲೇ ಅವರಿಗೆ ಗೊತ್ತಿಲ್ಲ.

ಇಲವಾಲ ಇಂಜಿನಿಯರ್ · 6:38

ಅಂದರೆ ಕೊನೆಗೆ ಅದೇ ಕಂಪನಿಯ ಕೈಯಲ್ಲೇ ಇರೋದು. ನಾಳೆ ಅವರು ಷರತ್ತು ಬದಲಾಯಿಸಿದರೆ?

ಆಲೆಮನೆ ಆನಂದ · 6:41

ನಾಳೆ ನೋಡೋಣ ಸರ್. ಎಲ್ಲರ ಫೋನ್ ನಂಬರ್ ಒಂದು ನೋಟ್‌ಬುಕ್‌ನಲ್ಲಿ ಬರೆದಿಟ್ಟಿದ್ದೇನೆ. ಪೆನ್ನಿನಲ್ಲಿ.

ಒಂಟಿಕೊಪ್ಪಲ್ ಮೇಷ್ಟ್ರು · 6:55

ಇದು ಸೋಲು ಒಪ್ಪಿಕೊಂಡ ಹಾಗೆ. ನಾನಂತೂ ಸಿಗ್ನಲ್, ಮಾಸ್ಟೊಡಾನ್ ಎರಡೂ ಹಾಕಿಸಿಕೊಂಡಿದ್ದೇನೆ. ಎರಡರಲ್ಲೂ ನನಗೆ ಮಾತಾಡಲು ಇರುವುದು ನನ್ನ ಮಗ ಒಬ್ಬನೇ, ಅವನು ಪಕ್ಕದ ಕೋಣೆಯಲ್ಲಿದ್ದಾನೆ. ಆದರೂ ಹಾಕಿಸಿಕೊಂಡಿದ್ದೇನೆ!

ಮಂಡ್ಯ ಮಂಜ · 6:57

ಮೇಷ್ಟ್ರೇ ನಿಮ್ಮ ಮಾಸ್ಟೊಡಾನ್ ಐಡಿ ಕಳಿಸಿ. ಒಬ್ಬರಾದರೂ ಜೊತೆಗಿರಲಿ.

ಹಳದಿ ಹಕ್ಕಿ · 7:15

ನನಗೂ ಕಳಿಸಿ. ಒಂದು ವಚನದಿಂದ ಶುರು ಮಾಡುತ್ತೇನೆ. ಪ್ಯಾಸೆಂಜರ್ ಅವರೇ, ಜಗಳಕ್ಕೆ ನೀವೂ ಬನ್ನಿ.

ತಾರಸಿ ಶೈಲಾ · ಎರಡು ವಾರದ ನಂತರ, ಭಾನುವಾರ 8:20

ಏನಾಯಿತು ಅಂತ ಕೇಳುತ್ತಿದ್ದಿರಿ, ಹೇಳುತ್ತೇನೆ.

ಆನಂದ್ ಹೇಳಿದ ಹಾಗೆ ಕಮ್ಯುನಿಟಿ ಮಾಡಿದೆ. ಬೀಜ, ಹುಳ ಮತ್ತು ರೋಗ, ಭೇಟಿ, ಮತ್ತೆ "ಗುಲಾಬಿ ಮನೆ". ಕಾಯುತ್ತಿದ್ದ ಎಂಬತ್ತು ಜನರೂ ಒಳಗೆ ಬಂದರು. ವಿಳಾಸ ಬರೆಯುವುದು ನಿಲ್ಲಿಸಿದ್ದೇವೆ, ಬೀಜ ಇನ್ನು ಕೆರೆ ಗೇಟಿನ ಹತ್ತಿರ ಮಾತ್ರ. ರಾತ್ರಿ ಊಟ ವಿಚಾರಿಸುತ್ತಿದ್ದ ಮಹಾಶಯನನ್ನು ಹೊರಗೆ ಹಾಕಿದೆ. ಈಗ ಅವನ ಊಟ ಅವನೇ ನೋಡಿಕೊಳ್ಳಲಿ.

ಹಾಗಂತ ಮೇಷ್ಟ್ರ ಮಾತನ್ನೂ ತಳ್ಳಿಹಾಕಲಿಲ್ಲ. ಮೂವತ್ತು ಜನ ಒಪ್ಪಿ ಸಿಗ್ನಲ್‌ನಲ್ಲೂ ಒಂದು ಗುಂಪು ಮಾಡಿಕೊಂಡಿದ್ದೇವೆ, ಬರೀ ಬದನೆ, ಟೊಮೆಟೊ ಬೆಳೆಯುವವರು. ಅಜ್ಜಿ "ನನ್ನನ್ನೂ ಸೇರಿಸು" ಅಂದರು. ಅವರ ಮನೆಗೇ ಹೋಗಿ ಹಾಕಿಕೊಟ್ಟೆ. ಗುರುತು ನೀಲಿ ಅಂತ ತೋರಿಸಿದೆ. "ಹಸಿರು ಒತ್ತಿದರೆ ಎಲ್ಲರಿಗೂ, ನೀಲಿ ಒತ್ತಿದರೆ ಬದನೆಯವರಿಗೆ" ಅಂತ ಅವರೇ ಎರಡು ಸಲ ಬಾಯಿಪಾಠ ಮಾಡಿಕೊಂಡರು. ಮೈಕಿನ ಮೇಲೆ ಹೆಬ್ಬೆರಳು ಇಡುತ್ತಾರೆ, ಮಾತು ಶುರುವಾಗುವ ಹೊತ್ತಿಗೆ ಬೆರಳು ಜಾರುತ್ತದೆ. ನಾಲ್ಕೈದು ಸಲ ಹೀಗೇ ಆಯಿತು. ನಾನು ಮನೆಗೆ ಬಂದ ಮೇಲೆ ಅವರ ಮೊದಲ ವಾಯ್ಸ್ ನೋಟು ಬಂತು. ಮೂವತ್ತು ಜನವೂ ಕೇಳಿಸಿಕೊಂಡೆವು. ಆರು ಸೆಕೆಂಡು. ಕುಕ್ಕರ್ ವಿಷಲ್, ಅದರ ಹಿಂದೆ ದೂರದಲ್ಲಿ "ಹೋಯ್ತಾ?" ಅಂತ ಒಂದು ದನಿ.

ಗಂಗೋತ್ರಿ ಗಿರಾಕಿ · 8:26

ಹೋಯ್ತು ಅಂತ ಹೇಳಿ ಅಜ್ಜಿಗೆ ❤️

ಆಲೆಮನೆ ಆನಂದ · 8:40

ಗುಲಾಬಿ ಮನೆಯಲ್ಲಿ ಎಷ್ಟು ಜನ ಮೇಡಂ?

ತಾರಸಿ ಶೈಲಾ · 8:44

412. ಇರುವ ಗುಂಪುಗಳಲ್ಲಿ ಅದೇ ದೊಡ್ಡದು.

ಕೆರಗೋಡು ಕೆಂಪೇಗೌಡ್ರ ಮೊಮ್ಮಗ · 9:02

ಅದು ಬಿಡಿ ಅಕ್ಕ. ಈರನಗೆರೆ ಬದನೆ ಬೀಜ ಯಾರ ಹತ್ತಿರ ಇದೆ?

ತಾರಸಿ ಶೈಲಾ · 9:03

😑